ನಿಕಲ್ ಸುಳ್ಳು ಹೇಳಲ್ಲ

ಎಂಬತ್ತರ ದಶಕದಲ್ಲಿ ಸತ್ಯಮಂಗಲದ ನನ್ನ ಲೇತ್ ಶೆಡ್ಡಿನ ಪಕ್ಕದಲ್ಲಿ ಲೋಹದ ಸಾಮಾನುಗಳಿಗೆ ನಿಕಲ್ ಪ್ಲೇಟಿಂಗ್ ಮಾಡುವವರೊಬ್ಬರಿದ್ದರು. ಹೊಳೆಯುವ ವಸ್ತು ಯಾವುದೇ ಸಿಗಲಿ, ಅದರ ಮೇಲೆ ‘ಹಾ’ ಎಂದು ಉಸಿರು ಬಿಟ್ಟು, ಮಬ್ಬು ಆರುವುದನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ನನ್ನ ಮದುವೆಗೆ ಬಂದವರು ಮಾವ ಕೊಟ್ಟ ವಾಚಿನ ಮೇಲೂ ಉಸಿರು ಬಿಟ್ಟು, “ಲೋಕಲ್. ನಿಕಲ್ ಸುಳ್ಳು ಹೇಳಲ್ಲ ಕಣಯ್ಯ” ಎಂದು ಊಟಕ್ಕೆ ಹೋಗಿದ್ದರು.

ಒಂದು ದಿನ ನಾನು ಅವರ ಶೆಡ್ಡಿನಲ್ಲಿ ಕೂತಿದ್ದಾಗ ಹಾಗಲವಾಡಿ ಕಡೆಯ ಗೌಡರೊಬ್ಬರು ತಾತನ ಕಾಲದ ಪಿಸ್ತೂಲು ತಂದರು. ಕಂಪನಿಯಿಂದಲೇ ನಿಕಲ್ ಲೇಪ ಆಗಿ ಬಂದ ಪಿಸ್ತೂಲು ಅಪರೂಪವಂತೆ. ಇದು ಅಂಥದ್ದಾದರೆ ಕೊಳ್ಳಲು ಬೆಂಗಳೂರಿನವರೊಬ್ಬರು ಕಾದಿದ್ದರಂತೆ.

ನಮ್ಮ ಪ್ಲೇಟಿಂಗ್‌ನವರು ಉಸಿರು ಬಿಟ್ಟು ನೋಡಿದರು. ಮುಖ ಸಿಂಡರಿಸಿದರು.

“ಕಂಪನಿ ಕೆಲ್ಸ ಅಲ್ಲ ಗೌಡ್ರೇ. ಕಂಪನಿಯೋರು ಇಂಥ ಪಿಸ್ತೂಲಿನ ಟ್ರಿಗರ್‌ಗೆ ನಿಕಲ್ ಹಾಕಲ್ಲ. ಇವ್ನ್ಯಾವನೋ ಪೂರ್ತಿ ಅದ್ದವ್ನೆ. ಉಜ್ಜಿ ಉಜ್ಜಿ ಕಂಪನಿ ಕೆತ್ತಿದ ಅಕ್ಷರಾನೂ ಸವೆಸವ್ನೆ. ಇಂಥೋನ ಕೈಗೆ ಚೊಂಬೂ ಕೊಡಬಾರ್ದು.”

“ಬೈಬೇಡಿ, ಆ ಕೈ ನಿಮ್ದೇ” ಎಂದರು ಗೌಡರು. “ಹತ್ತು ವರ್ಷದ ಹಿಂದೆ ಬೈಕ್ ಹ್ಯಾಂಡಲ್ ಜೊತೆ ಕೊಟ್ಟಿದ್ದೆ. ಕಂಪನಿ ನಿಕಲ್ ಮಂಕಾಗೈತೆ ಅಂತ ನೀವೇ ಕಿತ್ತು ಹೊಸದು ಹಾಕಿದ್ರಿ. ನಿಮಗೇ ಗೊತ್ತಾಗ್ದಿದ್ರೆ ಬೆಂಗಳೂರೋರಿಗೂ ಗೊತ್ತಾಗಲ್ಲ ಅಂತ ತಂದೆ.”

ನಮ್ಮವರು ಪಿಸ್ತೂಲಿನ ಮೇಲೆ ಇನ್ನೊಮ್ಮೆ ಉಸಿರು ಬಿಟ್ಟು, ಮಬ್ಬು ಪೂರ್ತಿ ಆರುವವರೆಗೂ ನೋಡಿದರು. ಆಮೇಲೆ ಅದನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದರು.

“ಆದ್ರೂ ನೋಡಯ್ಯ, ಹತ್ತು ವರ್ಷ ಆದ್ರೂ ಒಂದು ಸಿಪ್ಪೆ ಎದ್ದಿಲ್ಲ.”