ಬೋಯಾಕ್ಕೆ ತಾಗಿದ ಬೆನ್ನು

ಕಸ್ತೂರಿ, ಆ ದಿನ ಪಂದ್ಯದಲ್ಲಿ ನನ್ನ ಬೆನ್ನು ನೀರಿನ ಮೇಲಿನ ಬೋಯಾಕ್ಕೆ ತಾಗಿತ್ತು. ನೀನು ಕೇಳಿದೆ, ನಾನು ಇಲ್ಲ ಅಂದೆ. ಆಗ್ನೆಲ್ ಹೇಳಿದ್ದೇ ನಿಜ, ನಾನು ಹೇಳಿದ್ದು ಸುಳ್ಳು. ಇಷ್ಟು ಬರೆಯಲು ನಿನ್ನ ಅಣ್ಣನಿಗೆ ತಲೆ ನೆರೆಯಬೇಕಾಯಿತು.

ನಮ್ಮಂಥವರಿಗೆ ಹಾಯಿದೋಣಿ ಎಲ್ಲಿಂದ ಬರಬೇಕು! ಅಪ್ಪ ವಾಸ್ಕೋದ ಬಂದರಿನಲ್ಲಿ ಅದಿರು ತುಂಬುವ ಕೂಲಿ, ಸಡಾದ ಗುಡ್ಡದ ಮೇಲೆ ತಗಡಿನ ಮನೆ. ವಿಜಾಪುರದ ಕಡೆಯ ಅವ್ವನಿಗೆ ಮೊಣಕಾಲುದ್ದ ನೀರು ಕಂಡರೂ ಜೀವ ಹಾರುತ್ತಿತ್ತು. ನೌಕಾಪಡೆಯಿಂದ ನಿವೃತ್ತರಾದ ಕಾರವಾರದ ಸರ್ ಒಬ್ಬರು ಮಕ್ಕಳಿಗೆ ದೋಣಿ ಕಲಿಸುತ್ತಾರೆಂದು ಕೇಳಿ ಹೋದವನು ನಾನು; ಬಾಲದ ಹಾಗೆ ಹಿಂದೆ ಬಂದವಳು ನೀನು. ತಿಂಗಳೊಪ್ಪತ್ತಿನಲ್ಲಿ ಸರ್ ಚುಕ್ಕಾಣಿಯನ್ನು ನಿನ್ನ ಕೈಗೆ ಕೊಟ್ಟು ನನ್ನನ್ನು ಮುಂದೆ ಕೂರಿಸಿದರು. "ಗಾಳಿ ತಿಳಿಯೋದು ಇವಳಿಗೆ. ನೀನು ತೂಕಕ್ಕೆ ಇರು" ಎಂದರು. ಹೊಟ್ಟೆಕಿಚ್ಚು ಪಡಬೇಕಿತ್ತು — ಪಡಲಿಲ್ಲ. ಚೋಟುದ್ದದ ಹುಡುಗಿ ನೀರಿನ ಬಣ್ಣ ನೋಡಿಯೇ "ಅಣ್ಣಾ, ಗಾಳಿ ಬರಾಕತ್ತೈತಿ" ಎನ್ನುವಾಗ ನನ್ನ ಎದೆ ಉಬ್ಬುತ್ತಿತ್ತು.

ನಿನ್ನ ಇನ್ನೊಂದು ಗುಣವೇ ನನಗೆ ತಲೆನೋವು. ನಮ್ಮ ಆಟದಲ್ಲಿ ನೀರಿನ ಮೇಲೆ ಸೀಟಿ ಊದುವವರು ಇರಲಿಲ್ಲ. ತಿರುವು ತೋರಿಸಲು ತೇಲಿಬಿಟ್ಟ ಆ ಕಿತ್ತಳೆ ಬಣ್ಣದ ಗುಂಡು ಬೋಯಾಕ್ಕೆ ದೋಣಿಯಾಗಲಿ ಮೈಯಾಗಲಿ ತಾಗಿದರೆ, ತಾಗಿದವರೇ ಒಪ್ಪಿಕೊಂಡು ಅದನ್ನು ಮತ್ತೊಮ್ಮೆ ಸುತ್ತಬೇಕು. ಯಾರೂ ನೋಡದಿದ್ದರೂ, ಹಗ್ಗದ ತುದಿ ಸವರಿದರೂ ನೀನು ಸುತ್ತುತ್ತಿದ್ದೆ. ಹರಿಶ್ಚಂದ್ರನ ಮೊಮ್ಮಗಳು ಎಂದು ನಾನು ಕಾಡುತ್ತಿದ್ದೆ, ನೀನು ನನ್ನ ಮುಖಕ್ಕೆ ನೀರು ಎರಚುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಆ ಚಳಿಗಾಲದ ಪಂದ್ಯ ನಿನಗೆ ನೆನಪಿದೆ. ಗೆದ್ದ ದೋಣಿಯ ಚುಕ್ಕಾಣಿ ಹಿಡಿದವರಿಗೆ ಮುಂಬಯಿಯ ತರಬೇತಿ ಶಿಬಿರ. ಅಪ್ಪ ಹಿಂದಿನ ದಿನವೇ ಹೇಳಿಬಿಟ್ಟಿದ್ದ: "ಈ ಸಲ ಆರಿಸಲಿಲ್ಲಂದ್ರ ಸಾಕು ಮಾಡು, ತಂಗೀ. ಮದುವಿ ಮಾತು ನೋಡೂಣು." ಕೊನೆಯ ತಿರುವಿಗೆ ನಾವು ಮುಂದೆ, ಇನ್ನೊಂದು ದೋಣಿಯ ಆಗ್ನೆಲ್ ನಮ್ಮ ಬೆನ್ನಿಗೇ. ದೋಣಿ ಗಾಳಿಗೆದುರಾಗಿ ತಿರುಗಿತು, ನಾನು ದೋಣಿಯೊಳಗಿನ ಪಟ್ಟಿಗೆ ಕಾಲು ಸಿಕ್ಕಿಸಿ, ದೋಣಿ ವಾಲದಂತೆ ಮೈಯನ್ನು ನೀರಿನ ಮೇಲೆ ಹೊರಕ್ಕೆ ಚಾಚಿದೆ. ಲೈಫ್ ಜಾಕೆಟ್ಟಿನ ಮೇಲಿಂದಲೂ ಗೊತ್ತಾಯಿತು — ಮೆತ್ತಗೆ, ಯಾರೋ ಬೆನ್ನು ತಟ್ಟಿದ ಹಾಗೆ.

ನಿನ್ನ ಕಣ್ಣು ಹಾಯಿಯ ಮೇಲಿತ್ತು. "ಅಣ್ಣಾ, ತಾಗ್ತೇನು?"

"ಇಲ್ಲ. ನೀ ಮುಂದ ನೋಡು."

ದಡದಲ್ಲಿ ಆಗ್ನೆಲ್ ದೂರು ಕೊಟ್ಟ. ಸರ್ ಮೇಜಿನ ಮೇಲೆ ಕಡ್ಡಿಪೆಟ್ಟಿಗೆಗಳನ್ನು ದೋಣಿಗಳಂತೆ ಇಟ್ಟು, ಯಾವುದು ಎಲ್ಲಿತ್ತು, ಸರಿಸಿ ತೋರಿಸಿ ಎಂದರು. ಆಗ್ನೆಲ್ ಸರಿಯಾಗಿಯೇ ಇಟ್ಟ. ನಾನು ನಮ್ಮ ಪೆಟ್ಟಿಗೆಯನ್ನು ಬೋಯಾದ ಗುರುತಿನಿಂದ ಒಂದು ಬೆರಳಿನಷ್ಟು ಆಚೆ ಸರಿಸಿದೆ. ಆಗ ನೀನು ಎದ್ದು ನಿಂತೆ: "ನಮ್ಮಣ್ಣ ಇಲ್ಲ ಅಂದಾನ್ರಿ ಸರ್. ಅವ ನನ್ನ ಮುಂದ ಸುಳ್ಳು ಹೇಳಾಂಗಿಲ್ಲ."

ಅಲ್ಲಿಗೆ ಮುಗಿಯಿತು. ನೀನು ಮುಂಬಯಿಗೆ ಹೋದೆ, ಪದಕ ತಂದೆ, ಕೆಲಸ ಸಿಕ್ಕಿತು, ಈಗ ಮಕ್ಕಳಿಗೆ ಕಲಿಸುತ್ತೀಯ. ಆಗ್ನೆಲ್‌ಗೆ ಮಾತ್ರ ಸೋತು ಸುಳ್ಳು ಹೇಳಿದವನೆಂಬ ಹೆಸರು ಅಂಟಿತು. ಹುಡುಗರು ಅವನನ್ನು ಆಡಿಕೊಂಡರು, ನೀನು ಅವನ ಕಡೆ ತಿರುಗಿಯೂ ನೋಡಲಿಲ್ಲ. ಮಳೆಗಾಲ ಕಳೆದು ದೋಣಿಗಳು ಮತ್ತೆ ನೀರಿಗಿಳಿದಾಗ ಅವನು ಬರಲೇ ಇಲ್ಲ. ಈಗ ವಾಸ್ಕೋದಲ್ಲಿ ಮೀನು ದೋಣಿಗಳ ಎಂಜಿನ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಆ ರಸ್ತೆಯಲ್ಲಿ ನಾನು ಎದುರು ಬದಿಯಲ್ಲೇ ನಡೆಯುತ್ತೇನೆ.

ನಿನ್ನ ಸಲುವಾಗಿ ಸುಳ್ಳು ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅಪ್ಪನ ಮಾತು, ನಿನ್ನ ಮದುವೆ — ಚಂದದ ಕಾರಣಗಳು. ಖರೆ ಹೇಳಲೇ? ಆ ಗಳಿಗೆಯಲ್ಲಿ ಅಪ್ಪನೂ ನೆನಪಿಗೆ ಬರಲಿಲ್ಲ, ನೀನೂ ಬರಲಿಲ್ಲ. ತೋಳುಗಳು ಸೋತಿದ್ದವು, ಗೆಲುವು ಕಣ್ಣೆದುರಿಗಿತ್ತು, ಮತ್ತೆ ಸುತ್ತುವ ಮನಸ್ಸಿರಲಿಲ್ಲ. ಅಷ್ಟೇ. ನಿನ್ನನ್ನು ನೆಪ ಮಾಡಿಕೊಂಡದ್ದು ಆಮೇಲೆ, ಅದು ಎರಡನೆಯ ತಪ್ಪು.

ಮೊನ್ನೆ ಭಾನುವಾರ ದಂಡೆಯ ಮೇಲೆ ನಿನ್ನ ಶಿಷ್ಯೆಯೊಬ್ಬಳು ಅಳುತ್ತಿದ್ದಳು — ಬೋಯಾ ಬರೀ ಸವರಿತ್ತು, ಯಾರೂ ನೋಡಿರಲಿಲ್ಲ, ಯಾಕೆ ಒಪ್ಪಿಕೊಳ್ಳಬೇಕಿತ್ತು ಎಂದು. ನೀನು ಅವಳ ತಲೆ ಸವರಿ ನನ್ನತ್ತ ಕೈ ತೋರಿಸಿದೆ. "ನಮ್ಮಣ್ಣನ್ನ ಕೇಳು. ನಾವು ಒಂದ ದಿನಾನೂ ಸುಳ್ಳಿನ ಗೆಲುವು ತಗೊಂಡಿಲ್ಲ." ಆ ಹುಡುಗಿ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. ನಾನು ಚಪ್ಪಲಿಯ ಮರಳು ಕೊಡವುತ್ತ ಕುಳಿತೆ.

ಕಸ್ತೂರಿ, ಗಾಳಿ ತಿಳಿಯುವ ಜಾಣತನ ನಿನ್ನದೇ, ಆಮೇಲಿನ ಪದಕಗಳೂ ನಿನ್ನವೇ. ಆದರೆ ಅಣ್ಣನನ್ನು ನಂಬಿ ನೀನು ಒಬ್ಬ ಒಳ್ಳೆಯ ಹುಡುಗನನ್ನು ಇಷ್ಟು ಕಾಲ ಸುಳ್ಳುಗಾರ ಅಂದುಕೊಂಡೆ — ಅದು ನನ್ನ ತಲೆಯ ಮೇಲಿದೆ. ನಾಳೆ ಆಗ್ನೆಲ್‌ನ ಅಂಗಡಿಗೆ ಹೋಗುತ್ತೇನೆ. ಅವನು ಬಾಗಿಲಿಂದಲೇ ಕಳಿಸಿದರೂ ಹೇಳಿಯೇ ಬರುತ್ತೇನೆ. ಭಾನುವಾರ ದಂಡೆಗೆ ಬರುತ್ತೇನೆ. ಆ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು, ಎಲ್ಲರ ಎದುರಿಗೇ, ಅವತ್ತು ಕೇಳಿದ ಹಾಗೆಯೇ ನನ್ನನ್ನು ಇನ್ನೊಮ್ಮೆ ಕೇಳು.