ನೌಸ್ಸಾದ ಮದುವಣಗಿತ್ತಿ ಝೀಸಿಸ್

ಗ್ರೀಸಿನ ನೌಸ್ಸಾದಲ್ಲಿ ಈಸ್ಟರ್ ಹಬ್ಬದ ದೊಡ್ಡ ಉಪವಾಸಕ್ಕೆ ಮುಂಚಿನ ಭಾನುವಾರ ಬೂಲಾ ಇಲ್ಲದೆ ವೇಷದ ತಂಡ ಬೀದಿಗಿಳಿಯುವುದಿಲ್ಲ. ಬೂಲಾ ಎಂದರೆ ಮದುವಣಗಿತ್ತಿ. ಆ ವೇಷ ಹಾಕುವವನು ಗಂಡಸು. ದೂಕಾಸನ ತಂಡದಲ್ಲಿ ಝೀಸಿಸ್ ಮೊದಲ ಸಲ ಬೂಲಾ ಆದಾಗ ಊರಿನ ನೂಲಿನ ಗಿರಣಿಗಳು ಇನ್ನೂ ನಡೆಯುತ್ತಿದ್ದವು, ಅವನ ಸೊಂಟ ಸಣ್ಣಗಿತ್ತು. ಗಿರಣಿಗಳು ಮುಚ್ಚಿದವು. ಅವನು ಪೀಚ್ ತೋಟಗಳಲ್ಲಿ ಕೊಂಬೆ ಸವರುವ ಕೂಲಿಗೆ ಹೋಗತೊಡಗಿದ. ಏಣಿ ಹತ್ತಿ ಇಳಿದು ಮಂಡಿ ಸವೆಯಿತು, ವಯಸ್ಸು ಅರವತ್ತು ದಾಟಿತು. ಸೊಂಟ ಮಾತ್ರ ಸಣ್ಣಗೇ ಉಳಿಯಿತು. ಅದೇ ಅವನಿಗೆ ಮುಳುವಾದದ್ದು.

ಉಳಿದವರು ಎದೆಯ ತುಂಬ ಬೆಳ್ಳಿ ನಾಣ್ಯ ಹೊಲಿಸಿಕೊಂಡು ಕತ್ತಿ ಹಿಡಿದು ಕುಣಿಯುತ್ತಾರೆ. ಬೂಲಾಳ ಪಾಲಿಗೆ ಬಗ್ಗುವುದೇ ಕೆಲಸ. ಎದುರಾದವರ ಮುಂದೆಲ್ಲ ಮಂಡಿ ಮಡಿಸಬೇಕು, ಕೈಗೆ ಮುತ್ತಿಡಬೇಕು. ಬೆಳಿಗ್ಗೆ ಕಟ್ಟಿದ ಮೇಣದ ಮುಖವಾಡವನ್ನು ಸಂಜೆ ಚೌಕದಲ್ಲಿ ಎತ್ತುವವರೆಗೆ ಬಾಯಿ ಬಿಡುವಂತಿಲ್ಲ.

ಈ ವರ್ಷ ಇದು ಬೇಡವೆಂದು ಝೀಸಿಸ್ ಮೊದಲೇ ತೀರ್ಮಾನಿಸಿದ್ದ. ಹೆಂಡದಂಗಡಿಯಲ್ಲಿ ದೂಕಾಸ್‌ಗೆ ಹೇಳಿಯೂ ಹೇಳಿದ.

"ಈ ಸಲ ನಾನು ಬರಲ್ಲ ಕಣೋ. ಬೇರೆ ಯಾರನ್ನಾದ್ರೂ ನೋಡ್ಕೋ."

ತಂಡದ ನಾಯಕ ದೂಕಾಸ್ ಮಾಂಸದಂಗಡಿಯವನು, ಭಾರಿ ಆಳು. ಮೇಜು ಕುಟ್ಟಿ ನಕ್ಕ. "ಕೇಳಿದ್ರೇನ್ರೋ, ನಮ್ಮ ಹುಡುಗಿ ವಯ್ಯಾರ ಶುರು ಮಾಡಿದ್ಲು!"

"ವಯ್ಯಾರ ಅಲ್ವೋ, ಮಂಡಿ ನೋವು."

"ಹಂಗಾದ್ರೆ ಹೊತ್ಕೊಂಡು ಹೋಗ್ತೀವಿ ಬಿಡು, ಹೊಸ ಹೆಣ್ಣಲ್ವಾ!"

ತಪ್ಪು ದೂಕಾಸನೊಬ್ಬನದೇ ಅಲ್ಲ. ಮದುವಣಗಿತ್ತಿಯಾಗುವವನು ಮೊದಲು ಒಲ್ಲೆ ಎನ್ನಬೇಕು. ಕೇಳಿದ ತಕ್ಷಣ ಒಪ್ಪಿದವನನ್ನು ವರ್ಷವಿಡೀ ಗೇಲಿ ಮಾಡುತ್ತಾರೆ. ಝೀಸಿಸ್ ಪ್ರತಿ ವರ್ಷವೂ ಅದೇ ಅಂಗಡಿಯಲ್ಲಿ, ಅದೇ ದನಿಯಲ್ಲಿ, ಬರಲ್ಲ ಎನ್ನುತ್ತಲೇ ಬಂದಿದ್ದ. ನಿಜವಾಗಿ ಬೇಡವಾದಾಗ ಹೇಳಲು ಅವನ ಬಳಿ ಬೇರೆ ಮಾತೇ ಉಳಿದಿರಲಿಲ್ಲ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ, ಅವನೊಂದಿಗೇ ಇರುವ ವಿಧವೆ ಅಕ್ಕ ಅಗೊರೀತ್ಸಾ ಲಂಗಗಳಿಗೆ ಇಸ್ತ್ರಿ ಹಾಕಿ ಮುಗಿಸಿದ್ದಳು.

"ನಾನು ಬರಲ್ಲ ಅಂದಿದೀನಲ್ಲ, ಅಕ್ಕ."

"ಯಾವ ವರ್ಷ ಬರ್ತೀನಿ ಅಂದಿದ್ದೆ? ಕೈ ಎತ್ತು."

ವಾದಿಸುವುದಕ್ಕಿಂತ ಕೈ ಎತ್ತುವುದು ಸುಲಭವಾಗಿತ್ತು. ಎತ್ತಿದ. ಮುಖವಾಡದ ದಾರ ತಲೆಯ ಹಿಂದೆ ಬಿಗಿಯುವಷ್ಟರಲ್ಲಿ ಓಲಗ, ಡೋಲು ಬಾಗಿಲಿಗೆ ಬಂದಿದ್ದವು.

ಝೀಸಿಸ್ ಕುರ್ಚಿಯಿಂದ ಏಳಲಿಲ್ಲ. ಓಲಗದವನು ಕರೆಯುವ ಮಟ್ಟನ್ನು ಮತ್ತೊಮ್ಮೆ ಊದಿದ. ಹೊರಗೆ ಚಪ್ಪಾಳೆ, ನಗು.

"ನಾಚ್ಕೆ ನೋಡ್ರೇ ಮದುಮಗಳಿಗೆ!"

ಕೂತೇ ಇರುವುದನ್ನೂ ಅವರು ಆಟವೆಂದೇ ತಿಳಿದಿದ್ದರು. ಕೊನೆಗೆ ದೂಕಾಸನೇ ಒಳಗೆ ಬಂದು ಕೈ ಚಾಚಿದ. ಆಗ ಮುಖವಾಡದೊಳಗಿಂದ ಮಾತು ಬಂತು.

"ದೂಕಾಸ್, ನನ್ನ ಕೈಲಾಗಲ್ಲ."

ದೂಕಾಸ್ ಸರಕ್ಕನೆ ಶಿಲುಬೆಯ ಗುರುತು ಹಾಕಿಕೊಂಡ. ಮುಖವಾಡದ ಬೂಲಾ ಮಾತಾಡಿದ್ದನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಅಗೊರೀತ್ಸಾ ಬಗ್ಗಿ ತಮ್ಮನ ಲಂಗ ಎತ್ತಿದಳು. ಬಿಳಿ ಕಾಲುಚೀಲದೊಳಗೆ ಮಂಡಿ ಕುಂಬಳದಂತೆ ಊದಿತ್ತು.

"ಮೊದ್ಲೇ ಹೇಳ್ಬಾರ್ದೇನೋ?" ಎಂದ ದೂಕಾಸ್.

"ಹೇಳ್ದೆ. ನೀನು ನಕ್ಕೆ."

ದೂಕಾಸ್ ತನ್ನ ಹೊಟ್ಟೆ ನೋಡಿಕೊಂಡ, ಲಂಗ ನೋಡಿದ. ಬಾಗಿಲಿಗೆ ಹೋಗಿ ಕ್ಷೌರಿಕ ತ್ರೀಫೊನ್‌ನನ್ನು ಒಳಗೆಳೆದ. ತಂಡದಲ್ಲಿ ತೆಳ್ಳಗಿದ್ದವನು ಅವನೊಬ್ಬನೇ.

"ನಾನಾ? ಇಷ್ಟು ಬೆಳ್ಳೀನ ಕೂತು ನನ್ನ ಮೈಮೇಲೇ ಹೊಲಿದಿದಾಳೆ ನಮ್ಮಮ್ಮ! ಬಿಚ್ಚಿದ್ರೆ ಮನೆಗೇ ಸೇರ್ಸಲ್ಲ!"

"ನಿಮ್ಮಮ್ಮನಿಗೆ ನಾನು ಹೇಳ್ತೀನಿ, ಅಲ್ಲಾಡ್ಬೇಡ," ಎಂದು ಅಗೊರೀತ್ಸಾ ಕತ್ತರಿ ತಂದಳು. ನಾಣ್ಯಗಳು ಪಾತ್ರೆಗೆ ಉದುರತೊಡಗಿದವು. ಹೊರಗಿನವರಿಗೆ ತಿಳಿಯದಿರಲೆಂದು ದೂಕಾಸ್ ಡೋಲಿನವನಿಗೆ ಜೋರಾಗಿ ಬಾರಿಸಲು ಸನ್ನೆ ಮಾಡಿದ.

ಲಂಗಗಳನ್ನು ತ್ರೀಫೊನ್‌ಗೆ ಬಿಚ್ಚಿಕೊಟ್ಟ ಝೀಸಿಸ್ ಒಳಬಟ್ಟೆಯಲ್ಲಿ ಕೂತೇ ಹೇಳಿಕೊಟ್ಟ. "ತಲೆ ತಗ್ಗಿಸಿರು. ಆತುರ ಬೇಡ. ಮುದುಕಿಯರ ಮುಂದೆ ಇನ್ನೂ ಸ್ವಲ್ಪ ಬಗ್ಗು, ಅವರು ಲೆಕ್ಕ ಇಡ್ತಾರೆ."

"ಸರಿ, ಝೀಸಿಸಣ್ಣ," ಎಂದ ತ್ರೀಫೊನ್, ಅಳುಮೋರೆಯಲ್ಲಿ. ಮುಖವಾಡ ಆ ಮೋರೆಯನ್ನು ಮುಚ್ಚಿತು.

ಬಾಗಿಲಲ್ಲಿ ಅವನು ಮೂರು ಸಲ ಶಿಲುಬೆಯ ಗುರುತು ಹಾಕಿ, ಅಗೊರೀತ್ಸಾಳ ಕೈಗೆ ಮುತ್ತಿಟ್ಟು ಬೀದಿಗಿಳಿದ. ಕೇಕೆ ಎದ್ದಿತು. ಎದುರುಮನೆಯ ಹೆಂಗಸು ಮಹಡಿಯಿಂದ ಕೂಗಿದಳು:

"ಝೀಸಿಸ್, ನಿಂಗೆ ವಯಸ್ಸೇ ಆಗಲ್ವೇನೋ! ಏನು ಬಳುಕ್ತಾನಪ್ಪ!"

ಅಗೊರೀತ್ಸಾ ತಮ್ಮನತ್ತ ತಿರುಗಿದಳು. ಅವನ ಮುಖದಲ್ಲಿ ಬೇಸರವಿತ್ತೋ ನಗುವಿತ್ತೋ, ಅವಳಿಗೆ ಗೊತ್ತಾಗಲಿಲ್ಲ. ಓಲಗದ ಸದ್ದು ತಿರುವಿನಾಚೆ ಇಳಿಯುತ್ತಿತ್ತು.

"ಈ ಕಾಲುಚೀಲ ಎಳಿ ಅಕ್ಕ," ಎಂದ ಝೀಸಿಸ್. ಒಂದನ್ನು ಎಳೆದು ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಅವನಿಗೆ ಕುರ್ಚಿಯಲ್ಲೇ ನಿದ್ದೆ ಹತ್ತಿತ್ತು.