ನೀರು ಬೆಚ್ಚಗಿದೆಯೋ, ಬಿಸಿಯಾಗಿದೆಯೋ

ನಮ್ಮ ಹಿತ್ತಲು, ಪಕ್ಕದ ಮನೆಯ ಹಿತ್ತಲು ಎರಡೂ ಒಂದೇ. ನಡುವೆ ಒಂದು ನಲ್ಲಿ, ಬಟ್ಟೆ ಒಗೆಯುವ ಕಲ್ಲು, ಒಣಹಾಕುವ ತಂತಿ. ಪಕ್ಕದ ಮನೆಯ ಹೂಗೈಯಮ್ಮ ಉಣ್ಣೆಯ ಬಟ್ಟೆಯನ್ನು ಆ ಕಲ್ಲಿಗೆ ತಾಗಿಸಿದ್ದನ್ನು ನಾನು ಕಂಡಿಲ್ಲ. ಸ್ವೆಟರ್ ಆಗಲಿ, ಶಾಲಾಗಲಿ, ತೆಳು ರೇಷ್ಮೆಯಾಗಲಿ ಅವಳ ಬಕೆಟ್ಟಿನಲ್ಲಿ ಮುಳುಗಿ, ಅವಳ ಅಂಗೈ ಮೇಲೆ ಏಳಬೇಕು. ಉಜ್ಜುವ ಮಾತಿಲ್ಲ, ಹಿಂಡುವ ಮಾತಿಲ್ಲ. ಓಣಿಯವರು ಹೂಗೈಯಮ್ಮ ಎಂದು ಹೆಸರಿಟ್ಟದ್ದು ಅದಕ್ಕೇ.

ಅವಳದೊಂದು ಕ್ರಮವಿತ್ತು. ಉಣ್ಣೆಯ ಬಟ್ಟೆ ನೆನೆಯುವ ಮುಂಚೆ ಅದನ್ನು ಚಾಪೆಯ ಮೇಲೆ ಹರಡಿ, ಬಿಳಿ ದಾರದಲ್ಲಿ ಎದೆ, ಉದ್ದ, ತೋಳು ಅಳೆದು ಗಂಟು ಹಾಕಿಕೊಳ್ಳುವಳು. ಒಗೆದ ಮೇಲೆ ಬಟ್ಟೆ ಮತ್ತೆ ಆ ಗಂಟಿಗೆ ಬಂದು ನಿಲ್ಲಬೇಕು. ಒಗೆಯುವ ನೀರು, ಜಾಲಿಸುವ ನೀರು ಎರಡನ್ನೂ ಒಟ್ಟಿಗೇ ತುಂಬಿಸಿ ಪಕ್ಕಪಕ್ಕ ಇಡುವಳು. ಎರಡೂ ಒಂದೇ ಬೆಚ್ಚಗಿರಬೇಕು. ಬಿಸಿಯಿಂದ ತಣ್ಣಗಿನದಕ್ಕೆ ಎತ್ತಿ ಹಾಕಿದರೆ ಉಣ್ಣೆ ಗಾಬರಿಬಿದ್ದು ಮುದುಡಿಕೊಳ್ಳುತ್ತದೆ, ಆಮೇಲೆ ಎಷ್ಟು ಪುಸಲಾಯಿಸಿದರೂ ಬಿಡಿಸಿಕೊಳ್ಳುವುದಿಲ್ಲ ಎನ್ನುವಳು.

ಸೊಸೆಯನ್ನು ಮಾತ್ರ ಆ ಬಕೆಟ್ಟುಗಳ ಹತ್ತಿರ ಬಿಡುತ್ತಿರಲಿಲ್ಲ. ಸೊಸೆ ಬಂದ ಹೊಸದರಲ್ಲಿ ಗಂಡನ ಸ್ವೆಟರನ್ನು ಮೆಷಿನ್ನಿಗೆ ಹಾಕಿದ್ದಳು. ಹೊರಗೆ ಬಂದಾಗ ಅದು ಗೊಂಬೆಗೆ ತೊಡಿಸುವ ಹಾಗಿತ್ತು. ಅಂದಿನಿಂದ ಅತ್ತೆಯ ಬಾಯಲ್ಲಿ ಅವಳು ಮೆಷಿನ್ ರಾಣಿ. ಸೊಸೆಯೇನು ಕಡಿಮೆಯೇ? ಅತ್ತೆ ಬಕೆಟ್ಟಿನ ಮುಂದೆ ಕೂತಾಗಲೆಲ್ಲ, ಇನ್ನು ಮಗುವಿಗೆ ಸ್ನಾನ ಮಾಡಿಸ್ತಾರೆ, ಯಾರೂ ಗಲಾಟೆ ಮಾಡಬೇಡಿ ಎಂದು ನನ್ನ ಕಡೆ ನೋಡಿ ಹೇಳುವಳು.

ಈಚೆಗೆ ಹೂಗೈಯಮ್ಮನ ಬೆರಳುಗಳು ಮರಗಟ್ಟುತ್ತಿದ್ದವು. ಒಲೆಯ ಮೇಲಿದ್ದ ಪಾತ್ರೆಯನ್ನು ಬರಿಗೈಲಿ ಇಳಿಸಿ, ಬೊಬ್ಬೆ ಎದ್ದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಸುಟ್ಟಿದೆ ಎಂದು ಅವಳಿಗೆ ತಿಳಿದದ್ದು. ನನಗೊಬ್ಬಳಿಗೆ ತೋರಿಸಿದಳು. ಮನೆಯಲ್ಲಿ ಹೇಳಬೇಡ, ಬಕೆಟ್ಟು ಕಿತ್ತುಕೊಳ್ಳುತ್ತಾರೆ ಅಂದಳು. ಡಾಕ್ಟರಿಗೆ ತೋರಿಸು ಎಂದೆ. ಹೂಂ ಅಂದಳು, ಹೋಗಲಿಲ್ಲ. ನೀರಿಗೊಂದು ಉಪಾಯ ಕಂಡುಕೊಂಡಿದ್ದಳು. ಒಲೆಯ ಮೇಲಿನ ನೀರು ಗುಂಯ್‌ಗುಡಲು ಶುರುವಾದಾಗ ಇಳಿಸಿ, ಚೊಂಬಿನ ಲೆಕ್ಕದಲ್ಲಿ ತಣ್ಣೀರು ಬೆರೆಸುವುದು. ಬೆರಳು ಹೇಳದ್ದನ್ನು ಚೊಂಬು ಹೇಳುತ್ತಿತ್ತು. ಹೇಗೋ ನಡೆದುಹೋಗುತ್ತಿತ್ತು.

ಹೀಗಿರುವಾಗ ಎದುರು ಮನೆಯ ಕಂಡಕ್ಟರಮ್ಮ ಒಂದು ಕಂದು ಸ್ವೆಟರ್ ಹಿಡಿದು ಬಂದಳು. ಬಸ್ಸಿನಲ್ಲಿ ಯಾರದೋ ಕಾಫಿ ಚೆಲ್ಲಿ ಎದೆಯ ಮೇಲೆ ಕಲೆಯಾಗಿತ್ತು. ಅದರ ಎರಡು ತೋಳಿನ ಉದ್ದಕ್ಕೂ ಜಡೆ ಹೆಣೆದ ಹಾಗೆ ಉಬ್ಬಿದ ಹೆಣಿಗೆ. ಕಣ್ಣಿದ್ದ ಕಾಲದಲ್ಲಿ ಅವಳ ತಾಯಿ ಹಾಕಿದ್ದು. ಈಗ ಆ ತಾಯಿಗೆ ಕಣ್ಣಿಲ್ಲ, ಕಿವಿಯೂ ಮಂದ, ನೆನಪು ಬಂದು ಹೋಗುತ್ತದೆ. ಕಂಡಕ್ಟರಮ್ಮನ ತಮ್ಮನ ಮನೆಯಲ್ಲಿ ಮಲಗಿದಲ್ಲೇ ಇದ್ದಾಳೆ. ಕಂಡಕ್ಟರಮ್ಮ ರಜೆಯ ದಿನ ಹೋಗಿ ಪಕ್ಕದಲ್ಲಿ ಕೂತರೆ, ಮುದುಕಿ ತೋಳು ಸವರಿ, ಜಡೆ ಸಿಕ್ಕಿದ ಮೇಲೆ ಮಗಳ ಹೆಸರು ಹಿಡಿದು ಕರೆಯುತ್ತಾಳೆ. ಒಮ್ಮೆ ಬೇರೆ ಬಟ್ಟೆಯಲ್ಲಿ ಹೋದಾಗ ಯಾರಮ್ಮ ನೀನು ಎಂದು ಕೈ ಹಿಂದಕ್ಕೆಳೆದುಕೊಂಡಿದ್ದಳಂತೆ.

ಹೂಗೈಯಮ್ಮ ನನ್ನ ಮುಖ ನೋಡಿದಳು. ಉಣ್ಣೆ ಒಗೆಯುವ ಶಾಂಪೂ ಮುಗಿದಿದೆ ಎಂದು ನೆಪ ಹೇಳಿದಳು. ಕಂಡಕ್ಟರಮ್ಮ ಓಡಿಹೋಗಿ ಮನೆಯಿಂದ ಬಾಟಲಿಯನ್ನೇ ತಂದಿಟ್ಟು, ನಾಳೆ ಹೊರಡಬೇಕು, ನಿಮ್ಮ ಕೈ ಬಿಟ್ಟರೆ ಇನ್ನಾರ ಕೈಗೂ ಕೊಡಲ್ಲ ಎಂದು ಹೇಳಿ ಡ್ಯೂಟಿಗೆ ಹೋದಳು. ಇನ್ನು ಒಲ್ಲೆ ಎನ್ನುವುದಕ್ಕೆ ದಾರಿಯೇ ಉಳಿಯಲಿಲ್ಲ.

ದಾರದಲ್ಲಿ ಅಳೆದು ಗಂಟು ಹಾಕಿದ್ದಾಯಿತು. ಆ ದಿನ ಒಲೆ ಖಾಲಿ ಇರಲಿಲ್ಲ. ಮಗ ಹೊಸದಾಗಿ ಗೀಸರ್ ಹಾಕಿಸಿದ್ದ. ಹೂಗೈಯಮ್ಮ ಅದರ ನೀರನ್ನೇ ಹಿಡಿದು, ತಣ್ಣೀರನ್ನು ಹಳೆಯ ಲೆಕ್ಕದಲ್ಲೇ ಬೆರೆಸಿದಳು. ಗೀಸರಿನ ನೀರು ಒಲೆಯ ನೀರಿಗಿಂತ ಎಷ್ಟೋ ಹೆಚ್ಚು ಕಾದಿತ್ತೆಂಬುದು ಚೊಂಬಿಗೆ ಹೇಗೆ ಗೊತ್ತಾಗಬೇಕು! ಬೆರಳದ್ದಿ ನೋಡಿದಳು. ಬೆರಳು ಸುಮ್ಮನಿತ್ತು. ಶಾಂಪೂ ಕದಡಿ ಸ್ವೆಟರ್ ಮುಳುಗಿಸಿದಳು.

ತಂತಿಯ ಹತ್ತಿರವಿದ್ದ ಸೊಸೆ ಸರಸರನೆ ಬಂದು ಅತ್ತೆಯ ಕೈಯನ್ನು ನೀರಿನಿಂದ ಎತ್ತಿದಳು. ಮುಂಗೈವರೆಗೂ ಕೆಂಪಾಗಿತ್ತು. ಇಷ್ಟು ಬಿಸಿ ಗೊತ್ತಾಗಲಿಲ್ಲವೇ ಎಂದಳು. ಸೊಸೆ ಆ ಕೈಯನ್ನೂ ಅತ್ತೆಯ ಮುಖವನ್ನೂ ನೋಡಿದಳು. ಅರ್ಥವಾಯಿತೆಂದು ಕಾಣುತ್ತದೆ. ತಿರುಗಿ, ತಣ್ಣೀರಿನ ಕೊಡ ಎತ್ತಿ ಬಕೆಟ್ಟಿಗೆ ಬಗ್ಗಿಸಹೋದಳು.

"ಹಾಕಬೇಡ," ಎಂದಳು ಹೂಗೈಯಮ್ಮ. "ಈಗ ತಣ್ಣೀರು ಬಿದ್ರೆ ಅದರ ಕಥೆ ಮುಗೀತು. ಮುಟ್ಟಲೂ ಬೇಡ, ಅಲ್ಲಾಡಿಸಲೂ ಬೇಡ. ತಾನಾಗಿ ಆರಲಿ."

"ಆರಿದ್ದು ನಿಮಗೆ ಹೇಗೆ ಗೊತ್ತಾಗುತ್ತೆ, ಅತ್ತೆ?"

"ನನಗೆ ಗೊತ್ತಾಗಲ್ಲ ಕಣೇ," ಎಂದಳು ಹೂಗೈಯಮ್ಮ. "ನೀನು ಕೂತ್ಕೋ. ಬಕೆಟ್ಟಿನ ಅಂಚಿನಲ್ಲಿ ಬೆರಳಿಟ್ಟು ನೋಡಿ ಹೇಳು."

ಮೂವರೂ ಬಕೆಟ್ಟಿನ ಸುತ್ತ ಕೂತೆವು. ಕಾಣುವುದೆಲ್ಲ ನೊರೆ; ಅದರಡಿಯಲ್ಲಿ ಉಣ್ಣೆ ಮುದುಡುತ್ತಿದೆಯೋ, ತಡೆದುಕೊಂಡಿದೆಯೋ ಹೇಳುವಂತಿರಲಿಲ್ಲ. ಜಾಲಿಸುವ ನೀರಿನ ಬಕೆಟ್ಟೂ ಪಕ್ಕದಲ್ಲಿ ಹಾಗೇ ಆರುತ್ತಿತ್ತು. ನಡುನಡುವೆ ಅತ್ತೆ ಕೇಳುವಳು, ಇನ್ನೂ ಬಿಸಿ ಎನ್ನುವಳು ಸೊಸೆ. ಎಳೆಮಗುವಿನ ಮೈಗೆ ಹೊಯ್ಯಬಹುದೇ ಎಂದರೆ, ಇಲ್ಲ ಅತ್ತೆ, ಚೀರುತ್ತೆ ಎನ್ನುವಳು. ಎತ್ತಿಬಿಡೋಣವೆಂದು ಹೂಗೈಯಮ್ಮನ ಕೈ ತಾನಾಗಿ ಮುಂದೆ ಬರುತ್ತಿತ್ತು. ಸೊಸೆ ಅದನ್ನು ಹಿಡಿದು ತೊಡೆಯ ಮೇಲಿಟ್ಟುಕೊಂಡಳು, ಮತ್ತೆ ಬಿಡಲೇ ಇಲ್ಲ.

ಕೊನೆಗೆ ಸೊಸೆ, ಈಗ ಹೊಯ್ಯಬಹುದು, ಎರಡೂ ಒಂದೇ ಥರ ಇವೆ ಎಂದಳು. ಕೆಳಗಿನಿಂದ ಎರಡೂ ಅಂಗೈ ಕೊಟ್ಟು ಎತ್ತು, ತೋಳು ಜೋಲುಬೀಳಬಾರದು ಎಂದು ಅತ್ತೆ ಹೇಳುತ್ತ ಹೋದ ಹಾಗೆ ಮಾಡಿದಳು. ಜಾಲಿಸಿ, ಒಣ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಚಾಪೆಯ ಮೇಲೆ ಹರಡಿದರು. ಹೂಗೈಯಮ್ಮ ದಾರ ಹಿಡಿದಳು. ಎದೆ ಸರಿಬಂತು, ಉದ್ದ ಸರಿಬಂತು. ತೋಳುಗಳು ಗಂಟಿಗಿಂತ ಹೆಬ್ಬೆರಳಿನಷ್ಟು ಹಿಂದೆ ನಿಂತವು. ಹದವಾಗಿ ಎಳೆದರೂ ಮುಂದೆ ಬರಲಿಲ್ಲ.

"ಕಣ್ಣು ಮುಚ್ಚಿ ತೋಳು ಸವರು," ಎಂದಳು ಸೊಸೆಗೆ. "ಜಡೆ ಸಿಗುತ್ತಾ?"

ಸೊಸೆ ಕಣ್ಣು ಮುಚ್ಚಿ ಭುಜದಿಂದ ಕೆಳಗೆ ಸವರಿದಳು. "ಸಿಗುತ್ತೆ ಅತ್ತೆ. ಮಣಿಕಟ್ಟಿನ ಹತ್ತಿರ ಒಂದಕ್ಕೊಂದು ಅಂಟಿಕೊಂಡ ಹಾಗಿದೆ. ಅದು ನನ್ನ ಕೈಗೆ. ಆ ಅಜ್ಜಿ ಕೈಗೆ ಹೇಗೋ."

ಮಾರನೆಯ ಬೆಳಿಗ್ಗೆ ಕಂಡಕ್ಟರಮ್ಮ ಬಂದಾಗ ಸೊಸೆ ಏನೋ ಹೇಳಿ ಮರೆಸಲು ನೋಡಿದಳು. ಹೂಗೈಯಮ್ಮ ಅವಳನ್ನು ತಡೆದು, ನನ್ನ ಬೆರಳಿಗೆ ಬಿಸಿ ತಿಳಿಯುವುದಿಲ್ಲ, ತೋಳು ಗಿಡ್ಡವಾಗಿದೆ, ಜಡೆ ಕೊನೆಯಲ್ಲಿ ಮಂಕಾಗಿದೆ ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಕಂಡಕ್ಟರಮ್ಮ ತೋಳಿನ ಕೊನೆಯನ್ನು ಬೆರಳಲ್ಲಿ ತಿರುವಿ ನೋಡಿದಳು. ಸ್ವೆಟರ್ ತೊಟ್ಟುಕೊಂಡು ಹೊರಟಳು.

ಸಂಜೆ ಹೂಗೈಯಮ್ಮನ ಬಾಗಿಲಲ್ಲಿ ನೆರಳಾಡಿತು. ಕಂಡಕ್ಟರಮ್ಮ ಬಂದು ಮೆಟ್ಟಿಲ ಮೇಲೆ ಕೂತಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಮೊದಲಿಗೆ ತಿಳಿಯಲಿಲ್ಲ. ತಾಯಿ ತೋಳು ಸವರಿ ಹೆಸರು ಕರೆದಳಂತೆ. ಹಾಗೇ ಕೆಳಗಿಳಿದ ಕೈ ಮಣಿಕಟ್ಟಿನ ಹತ್ತಿರ ತಡೆದು ನಿಂತಿತಂತೆ. ಅಲ್ಲಿ ಉಣ್ಣೆ ಮುಗಿದು ಮಗಳ ಬರಿಯ ಕೈ ಸಿಕ್ಕಿತ್ತು.

"ಅಮ್ಮ ಏನಂದ್ಲು ಗೊತ್ತಾ?" ಎಂದಳು. "ಇಷ್ಟು ಬೇಗ ಉದ್ದ ಆಗಿಬಿಟ್ಯಲ್ಲೇ, ನೂಲು ತಂದುಕೊಡು, ತೋಳು ಬೆಳೆಸಿಕೊಡ್ತೀನಿ ಅಂದ್ಲು. ನನಗೆ ಮೊಮ್ಮಕ್ಕಳಿದಾರೆ, ಅಮ್ಮನ ಲೆಕ್ಕದಲ್ಲಿ ನಾನಿನ್ನೂ ಬೆಳೀತಾ ಇದ್ದೀನಿ."

ಹೂಗೈಯಮ್ಮ ಮರುದಿನವೇ ಸೊಸೆಯ ಜೊತೆ ಡಾಕ್ಟರ ಹತ್ತಿರ ಹೋದಳು. ಮಾತ್ರೆ ನುಂಗುತ್ತಿದ್ದಾಳೆ, ಬೆರಳು ಇನ್ನೂ ಹಾಗೇ ಇವೆ. ಈಗ ಬಕೆಟ್ಟಿನ ಮುಂದೆ ಇಬ್ಬರೂ ಕೂರುತ್ತಾರೆ. ದಾರ ಅತ್ತೆಯ ಕೈಯಲ್ಲಿ, ನೀರು ಸೊಸೆಯ ಕೈಯಲ್ಲಿ. ಮೆಷಿನ್ ರಾಣಿ, ನೀರು ಹೇಗಿದೆಯೇ ಎಂದು ಅತ್ತೆ ಕೇಳುವುದು, ಸ್ವಲ್ಪ ತಾಳಿ ಅತ್ತೆ, ಮಗು ಚೀರುತ್ತೆ ಎಂದು ಸೊಸೆ ಹೇಳುವುದು ಹಿತ್ತಲಿನಿಂದ ನನಗೆ ಕೇಳಿಸುತ್ತಿರುತ್ತದೆ.